ತೆಂಗಿನ ಸೀಮೆಯೂ ವಿದ್ಯೆಯ ಬಿನ್ನಪಗಳೂ

ಹಿರಿಯೂರಿನಿಂದ ತಿಪಟೂರಿಗೆ ಹೋಗುವ ಹಾದಿಯಲ್ಲಿ ಸಿಕ್ಕುವ ಹುಳಿಯಾರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯಸ್ಥಳ. ಅದರ ಸಮೀಪದಲ್ಲಿ ಮೈಸೂರು ಅರಸರ ಕಾಲದಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಬೋರನಕಣಿವೆಯ ಜಲಾಶಯವಿದೆ. ಕೆರೆಗಳ ಕೆಳಗೂ ಹಳ್ಳಗಳ ಇಕ್ಕೆಲಗಳಲ್ಲಿಯೂ ತೆಂಗಿನ ತೋಟಗಳು ಹಬ್ಬಿವೆ. ಇಲ್ಲಿಂದ ಮೊದಲುಗೊಂಡು ತಿಪಟೂರು, ತುರುವೇಕೆರೆಗಳವರೆಗೂ ಹರಡಿರುವ ಈ ಸೀಮೆಯನ್ನು ಕಲ್ಪತರು ನಾಡೆಂದು ಕರೆಯುವುದು ರೂಢಿಯಾಗಿದೆ. ಸಮುದ್ರದ ಗಾಳಿಯನ್ನೇ ಕಾಣದ, ಮಳೆಯೂ ಕಡಿಮೆಯಾದ ಬಯಲುಸೀಮೆಯಲ್ಲಿ ತೆಂಗು ಇಷ್ಟು ದಟ್ಟವಾಗಿ ಬೆಳೆದಿರುವುದು ಪರಸ್ಥಳದಿಂದ ಬಂದವರಿಗೆ ಸೋಜಿಗವಾಗಿ ತೋರುತ್ತದೆ.

ಕರಾವಳಿಯವರು ಕಾಯನ್ನು ಒಡೆದು ಬಿಸಿಲಿಗಿಟ್ಟು ಹೋಳು ಕೊಬ್ಬರಿಯನ್ನು ಮಾಡಿ ಎಣ್ಣೆಗೆ ಕೊಡುವರು. ಈ ಸೀಮೆಯವರ ಕ್ರಮ ಬೇರೆ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷವೇ, ಹಾಗೆಯೇ ಬಿಡುವರು. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಸದ್ದು ಮಾಡುವಾಗ ಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪೊಡೆದು, ಮುಕ್ಕಾಗದ ಉಂಡೆಕೊಬ್ಬರಿಯನ್ನು ತೆಗೆಯುವರು. ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಹಿಂದೂಸ್ಥಾನಕ್ಕೆ ಹೋಗುವುದು ಈ ಕೊಬ್ಬರಿ. ಇದು ಎಣ್ಣೆಗಲ್ಲ, ತಿನ್ನುವುದಕ್ಕೆ. ಎತ್ತರದ ಜಾತಿಯ ಸಸಿ ನೆಟ್ಟರೆ ಫಲ ಬಿಡುವುದಕ್ಕೆ ಆರೇಳು ವರ್ಷ ಬೇಕು. ಬಯಲುಸೀಮೆಯಲ್ಲಿ ನೀರು ಸಾಲದೆ ಹೋದರೆ ಅದಕ್ಕಿಂತಲೂ ಹೆಚ್ಚು. ಅಲ್ಲಿಂದ ಮುಂದೆ ಅರುವತ್ತು ಎಪ್ಪತ್ತು ವರ್ಷ ಅದು ಫಲ ಕೊಡುತ್ತದೆ. ಹೀಗೆ ಎಲ್ಲವೂ ನಿಧಾನವಾಗಿ ನಡೆಯುವ ಒಂದು ಬೆಳೆಯನ್ನು ಕುರಿತು ಶಾಸ್ತ್ರೀಯವಾದ ವಿಚಾರ ನಡೆಯಬೇಕಾದರೆ, ಅದಕ್ಕೆ ಹಣವನ್ನು ಯಾರು ಕೊಡಬೇಕು, ಎಷ್ಟು ಕಾಲದವರೆಗೆ ಕೊಡಬೇಕು, ಕೇಳುವವರು ಹೇಗೆ ಕೇಳಬೇಕು ಎಂಬ ಪ್ರಶ್ನೆ ಏಳುತ್ತದೆ. ವಿಶ್ವವಿದ್ಯಾಲಯಗಳ ಅಧ್ಯಾಪಕರನ್ನು ಒಂದೆಡೆ ಸೇರಿಸಿ ಅನುದಾನಕ್ಕೆ ಅರ್ಜಿ ಬರೆಯುವ ಬಗೆಯನ್ನು ಕಲಿಸುವ ಶಿಬಿರಗಳು ಇತ್ತೀಚಿನ ದಶಕಗಳಲ್ಲಿ ಹೊರಟಿವೆ. ಆದರೆ ವಿದ್ಯಾವಂತನು ಧನವುಳ್ಳವನ ಮುಂದೆ ನಿಂತು ಮಾಡುವ ಬಿನ್ನಪಕ್ಕೆ ಕನ್ನಡನಾಡಿನಲ್ಲಿ ಸಾವಿರ ವರ್ಷಕ್ಕೂ ಮೇಲ್ಪಟ್ಟ ಚರಿತ್ರೆಯುಂಟು.

ಬಿನ್ನಪವೆಂಬ ಮಾತು ಸಂಸ್ಕೃತದ ವಿಜ್ಞಾಪನದ ತದ್ಭವ. ನಮ್ಮ ಶಾಸನಗಳಲ್ಲಿ ಅದು ಮೇಲಿಂದ ಮೇಲೆ ಬರುತ್ತದೆ. ಅರಸನು ನೆಲೆವೀಡಿನಲ್ಲಿ ಸುಖಸಂಕಥಾವಿನೋದದಿಂದ ರಾಜ್ಯವಾಳುತ್ತಿರಲು, ಇಂಥ ದಂಡನಾಯಕನೋ ಮಹಾಜನರೋ ಬಿನ್ನಪಗೈದರೆಂದೂ, ಅರಸನು ಧಾರಾಪೂರ್ವಕವಾಗಿ ಇಷ್ಟು ಭೂಮಿಯನ್ನು ಬಿಟ್ಟನೆಂದೂ, ಅದರ ಚತುಸ್ಸೀಮೆ ಇಂಥದೆಂದೂ, ಆಚಂದ್ರಾರ್ಕವಾಗಿ ನಡೆಯತಕ್ಕದ್ದೆಂದೂ, ಅಳಿದವನಿಗೆ ಇಂಥ ಪಾಪವೆಂದೂ ಕ್ರಮವಾಗಿ ಹೇಳಿ ಶಾಸನ ಮುಗಿಯುತ್ತದೆ. ಯಾರು ಕೇಳಿದರು, ಏತಕ್ಕೆ ಕೇಳಿದರು, ಎಷ್ಟು ಕೊಟ್ಟರು, ಎಲ್ಲಿಯವರೆಗೆ, ತಪ್ಪಿದರೆ ಏನು — ಈ ಐದೂ ಅದರಲ್ಲಿ ಅಡಗಿವೆ. ಇವುಗಳಲ್ಲಿ ಬಹುಭಾಗ ದೇವಾಲಯಗಳಿಗೂ ಅಗ್ರಹಾರಗಳಿಗೂ ಸಂಬಂಧಿಸಿದ್ದವು. ಆದರೆ ಕೆಲವು ಶುದ್ಧವಾಗಿ ವಿದ್ಯೆಗೇ ಸಂಬಂಧಿಸಿದವುಗಳಾಗಿವೆ.

ವಿಜಯಪುರ ಜಿಲ್ಲೆಯ ಸಾಲೊಟಗಿಯಲ್ಲಿ ದೊರೆತ ಕ್ರಿ. ಶ. ೯೪೫ರ ಕಂಬದ ಶಾಸನವು ಇಂಥವುಗಳಲ್ಲಿ ಪ್ರಸಿದ್ಧವಾದದ್ದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಇಳಿದುಕೊಳ್ಳುವುದಕ್ಕೆ ಇಪ್ಪತ್ತೇಳು ಮನೆಗಳಿದ್ದವು. ಶಾಲೆಯ ನಿರ್ವಾಹಕ್ಕೆ ೫೦೦ ನಿವರ್ತನ ಭೂಮಿ, ದೀಪದೆಣ್ಣೆಗೆ ೧೨ ನಿವರ್ತನ, ಉಪಾಧ್ಯಾಯನಿಗೆ ೫೦ ನಿವರ್ತನ ಎಂದು ಬೇರೆ ಬೇರೆಯಾಗಿ ವಿಂಗಡಿಸಿದ್ದರು. ಇಷ್ಟಕ್ಕೇ ನಿಲ್ಲದೆ, ಆ ಊರಿನ ಬ್ರಾಹ್ಮಣರ ಮನೆಗಳಲ್ಲಿ ಮದುವೆಯಾದಾಗ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ಎಂಬ ಪ್ರಮಾಣದಲ್ಲಿ ಶಾಲೆಗೆ ನಾಣ್ಯ ಸಲ್ಲಬೇಕೆಂದೂ ಕಟ್ಟು ಮಾಡಲಾಗಿತ್ತು. ಒಬ್ಬ ದೊಡ್ಡ ದಾನಿಯ ಔದಾರ್ಯವನ್ನೇ ನೆಚ್ಚದೆ ಊರ ಜನರಿಂದಲೂ ಸಣ್ಣ ಸಣ್ಣ ಮೊತ್ತಗಳನ್ನು ಶಾಶ್ವತವಾಗಿ ಗೊತ್ತುಮಾಡಿಟ್ಟ ಈ ಬುದ್ಧಿ ಮೆಚ್ಚತಕ್ಕದ್ದು.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕ್ರಿ. ಶ. ೧೦೫೮ರ ಶಾಸನವೊಂದುಂಟು. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅಲ್ಲಿ ಘಟಿಕಾಸ್ಥಾನವನ್ನು ಸ್ಥಾಪಿಸಿದನು. ವೇದ ಓದುವವರು ಇನ್ನೂರು ಮಂದಿ, ಶಾಸ್ತ್ರ ಓದುವವರು ಐವತ್ತೆರಡು ಮಂದಿ. ಅವರಿಗೆ ಪಾಠ ಹೇಳುವ ವಿದ್ವಾಂಸರು. ಇವರೆಲ್ಲರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಪುಸ್ತಕ ಭಂಡಾರವನ್ನು ನೋಡಿಕೊಳ್ಳುವವರು. ಇನ್ನೂರೈವತ್ತೆರಡು ವಿದ್ಯಾರ್ಥಿಗಳಿಗೆ ಆರು ಜನ ಗ್ರಂಥಪಾಲಕರು! ಈ ಕಾಲದ ಕಾಲೇಜುಗಳು ಈ ಲೆಕ್ಕವನ್ನು ಕೇಳಿದರೆ ತಲೆ ತಗ್ಗಿಸಬೇಕಾದೀತು. ಈ ಏರ್ಪಾಡುಗಳಲ್ಲಿ ಗಮನಿಸತಕ್ಕ ಅಂಶವೆಂದರೆ, ವಿದ್ವಾಂಸನಿಗೆ ಕೊಟ್ಟದ್ದು ಹಣವಲ್ಲ, ಭೂಮಿ. ಅದೂ ಒಂದು ಕೆಲಸಕ್ಕೆಂದು ಅಳತೆ ಮಾಡಿ ಕೊಟ್ಟದ್ದಲ್ಲ, ಆ ಕೆಲಸವನ್ನು ಮಾಡುವ ಸ್ಥಾನಕ್ಕೆ ಕೊಟ್ಟದ್ದು. ಅದಕ್ಕೆ ಅವಧಿ ಇರಲಿಲ್ಲ. ದೋಷಗಳೂ ಇದ್ದವು: ವೃತ್ತಿ ವಂಶಪಾರಂಪರ್ಯವಾಗಿ ಇಳಿಯುತ್ತ ಬಂದ ಹಾಗೆ ವಿದ್ಯೆ ಹೋಗಿ ವೃತ್ತಿ ಮಾತ್ರ ಉಳಿದ ಉದಾಹರಣೆಗಳು ಬೇಕಾದಷ್ಟು. ಆ ವಿದ್ಯೆ ಎಲ್ಲ ಜಾತಿಯವರಿಗೂ ತೆರೆದಿರಲೂ ಇಲ್ಲ. ಇದನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ಚರಿತ್ರೆಯಾಗುವುದಿಲ್ಲ.

ಇಂಗ್ಲಿಷರ ಆಳ್ವಿಕೆಯಲ್ಲಿ ಈ ಪದ್ಧತಿ ತಲೆಕೆಳಗಾಯಿತು. ೧೮೫೪ರಲ್ಲಿ ಸರ್ ಚಾರ್ಲ್ಸ್ ವುಡ್ಡನ ಹೆಸರಿನ ವಿದ್ಯಾವಿಷಯಕ ಪತ್ರವು ಲಂಡನ್ನಿನಿಂದ ಬಂದಿತು. ಸರ್ಕಾರವು ಖಾಸಗಿ ಶಾಲೆಗಳಿಗೆ ಸಹಾಯಧನವನ್ನು ಕೊಡತಕ್ಕದ್ದು, ಕೊಟ್ಟಮೇಲೆ ಪರೀಕ್ಷಾಧಿಕಾರಿಗಳು ಬಂದು ನೋಡತಕ್ಕದ್ದು ಎಂಬ ನಿಯಮವು ಅದರಲ್ಲಿತ್ತು. ಅಂದಿನಿಂದ ವಿದ್ಯೆಗೆ ಸಲ್ಲುವ ಧನವು ಭೂಮಿಯಾಗಿ ಉಳಿಯದೆ ವರ್ಷ ವರ್ಷದ ಆಯವ್ಯಯದ ಒಂದು ಬಾಬ್ತಾಯಿತು. ಶಾಪದ ಸ್ಥಾನಕ್ಕೆ ತನಿಖೆ ಬಂತು. ಆಚಂದ್ರಾರ್ಕವೆಂಬ ಮಾತು ಲೆಕ್ಕದ ಪುಸ್ತಕದಲ್ಲಿ ಹಿಡಿಸುವುದಲ್ಲ. ಮಾರ್ಚಿ ತಿಂಗಳು ಕಳೆದರೆ ಹಳೆಯ ಮಂಜೂರಾತಿ ತೀರಿತು.

ಈ ಹೊಸ ಕ್ರಮದಲ್ಲಿ ದಕ್ಷಿಣ ಹಿಂದೂಸ್ಥಾನದಲ್ಲಿ ನಡೆದ ಅತ್ಯಂತ ದೊಡ್ಡ ಬಿನ್ನಪವು ಬೆಂಗಳೂರಿನ ವಿಜ್ಞಾನಮಂದಿರದ್ದು. ಅದರ ಕಥೆ ಸ್ವಲ್ಪ ವಿಸ್ತಾರವಾಗಿಯೇ ಹೇಳತಕ್ಕದ್ದಾಗಿದೆ.

ಮುಂಬಯಿಯ ಜಂಷೇಟ್‌ಜಿ ಟಾಟಾ ಅವರು ಸಂಶೋಧನೆಗೆಂದೇ ಒಂದು ವಿಶ್ವವಿದ್ಯಾಲಯ ಹಿಂದೂಸ್ಥಾನದಲ್ಲಿ ಆಗಬೇಕೆಂದು ಯೋಚಿಸಿ, ೧೮೯೮ರಲ್ಲಿ ಸುಮಾರು ಮೂವತ್ತು ಲಕ್ಷ ರೂಪಾಯಿ ಬೆಲೆಯ ತಮ್ಮ ಸ್ಥಿರಾಸ್ತಿಗಳನ್ನು ಅದಕ್ಕೆ ಬಿಟ್ಟುಕೊಡುವುದಾಗಿ ಪ್ರಕಟಿಸಿದರು. ಅವರ ಸಹಾಯಕರಾದ ಬರ್ಜೋರ್‌ಜಿ ಪಾದಷಾ ಅವರು ಅದಕ್ಕೆ ಮುಂಚೆಯೇ ಯೂರೋಪಿನ ವಿದ್ಯಾಸಂಸ್ಥೆಗಳನ್ನು ತಿರುಗಿ ನೋಡಿ ಬಂದಿದ್ದರು. ಯೋಜನೆಯ ಮೊದಲ ಕರಡಿನಲ್ಲಿ ವಿಜ್ಞಾನ ಮತ್ತು ಶಿಲ್ಪಗಳಿಗೆ ಒಂದು, ವೈದ್ಯಕ್ಕೆ ಒಂದು, ತತ್ತ್ವಶಾಸ್ತ್ರ ಮತ್ತು ಶಿಕ್ಷಣಶಾಸ್ತ್ರಗಳಿಗೆ ಒಂದು ಎಂದು ಮೂರು ವಿಭಾಗಗಳಿದ್ದವು. ೧೮೯೮ನೆಯ ಡಿಸೆಂಬರ್ ೩೧ರಂದು, ಆಗತಾನೆ ಮುಂಬಯಿಯಲ್ಲಿ ಇಳಿದಿದ್ದ ಲಾರ್ಡ್ ಕರ್ಜನ್ನನ ಮುಂದೆ ನಿಯೋಗವು ಈ ಬಿನ್ನಪವನ್ನು ಇರಿಸಿತು. ಕರ್ಜನ್ನನಿಗೆ ಎರಡು ಸಂದೇಹಗಳು: ಇಷ್ಟು ಉನ್ನತವಾದ ವ್ಯಾಸಂಗಕ್ಕೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ಸಿಕ್ಕುವರೆ? ಓದಿ ಹೊರಬಂದವರಿಗೆ ಉದ್ಯೋಗವೆಲ್ಲಿ? ಹಣ ಕೊಡುವವರು ಅಂದೂ ಇಂದೂ ಕೇಳುವ ಪ್ರಶ್ನೆಗಳು ಇವೇ.

ಅಭಿಪ್ರಾಯ ಹೇಳುವುದಕ್ಕೆಂದು ಇಂಗ್ಲೆಂಡಿನಿಂದ ಸರ್ ವಿಲಿಯಂ ರಾಮ್ಸೆಯವರನ್ನು ೧೯೦೦ರಲ್ಲಿ ಕರೆಸಿದರು. ವಾಯುಮಂಡಲದಲ್ಲಿ ಹೊಸ ಅನಿಲಗಳನ್ನು ಕಂಡುಹಿಡಿದ ಖ್ಯಾತಿ ಅವರದು. ಅವರು ದೇಶವನ್ನು ಸುತ್ತಿ ನೋಡಿ ಬೆಂಗಳೂರೇ ಯೋಗ್ಯವಾದ ಸ್ಥಳವೆಂದು ಸೂಚಿಸಿದರು. ಅನಂತರ ಮೆಲ್ಬರ್ನಿನ ಮ್ಯಾಸನ್, ರೂಡ್ಕಿಯ ಕ್ಲಿಬ್ಬರ್ನ್ ಇವರಿಬ್ಬರ ಸಮಿತಿಯು ೧೯೦೧ರಲ್ಲಿ ಮತ್ತೊಮ್ಮೆ ಪರಿಶೀಲಿಸಿತು. ಒಂದೊಂದು ಪರಿಶೀಲನೆಯಲ್ಲಿಯೂ ಯೋಜನೆಯ ಗಾತ್ರ ಕರಗಿತು. ವೈದ್ಯವೂ ತತ್ತ್ವಶಾಸ್ತ್ರವೂ ಬಿದ್ದುಹೋದವು. ಬೇಡುವವನು ಬರೆದ ಅರ್ಜಿ ಒಂದು, ಕೊಡುವವನು ಮಂಜೂರು ಮಾಡುವ ಕೆಲಸ ಇನ್ನೊಂದು ಎಂಬ ಅನುಭವವು ಟಾಟಾ ಅವರಂಥ ಧನಿಕರಿಗೂ ತಪ್ಪಲಿಲ್ಲ. ಅವರು ಬೇಡಿದ್ದು ತಮ್ಮ ಹಣವನ್ನು ಕೊಡುವುದಕ್ಕೆ ಅನುಮತಿಯನ್ನು ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಮೈಸೂರು ಸಂಸ್ಥಾನವು ಈ ಮಧ್ಯೆ ಮುಂದೆ ಬಂದಿತು. ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಪ್ರತಿನಿಧಿಪ್ರಭುತ್ವ. ಸರ್ ಶೇಷಾದ್ರಿ ಅಯ್ಯರ್ ಅವರು ದಿವಾನರು. ಸಂಸ್ಥಾನವು ಭೂಮಿಯನ್ನೂ, ಕಟ್ಟಡದ ವೆಚ್ಚಕ್ಕೆಂದು ಐದು ಲಕ್ಷ ರೂಪಾಯಿಗಳನ್ನೂ, ವರ್ಷ ವರ್ಷವೂ ಒಂದು ಮೊತ್ತವನ್ನೂ ಕೊಡಲು ಒಪ್ಪಿತು. ಆ ವಾರ್ಷಿಕ ಮೊತ್ತವು ಕೊನೆಗೆ ಐವತ್ತು ಸಾವಿರ ರೂಪಾಯಿಗಳಿಗೆ ನಿಂತಿತು. ಶೇಷಾದ್ರಿ ಅಯ್ಯರ್ ಅವರು ೧೯೦೧ರಲ್ಲಿ ತೀರಿಕೊಂಡರು. ಟಾಟಾ ಅವರು ೧೯೦೪ನೆಯ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಕಾಲವಾದರು. ಬಿನ್ನಪ ಮಾಡಿದವರೂ ಇಲ್ಲ, ಅದನ್ನು ಮೊದಲು ಎತ್ತಿಹಿಡಿದವರೂ ಇಲ್ಲ. ಆದರೂ ಟಾಟಾ ಅವರ ಮಕ್ಕಳು ತಂದೆಯ ಮಾತನ್ನು ಬಿಡಲಿಲ್ಲ, ಮೈಸೂರು ತನ್ನ ಮಾತನ್ನು ಹಿಂದೆಗೆಯಲಿಲ್ಲ. ೧೯೦೭ರಲ್ಲಿ ೩೭೧ ಎಕರೆ ೧೬ ಗುಂಟೆ ಭೂಮಿಯು ಸಂಸ್ಥೆಗೆ ಸೇರಿತು. ೧೯೦೯ನೆಯ ಮೇ ೨೭ರಂದು ಸರ್ಕಾರದ ಆಜ್ಞೆ ಹೊರಟಿತು. ೧೯೧೧ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅಡಿಗಲ್ಲನ್ನಿಟ್ಟರು; ಅದೇ ವರ್ಷದ ಜುಲೈಯಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಕರ್ಜನ್ನನ ಮುಂದೆ ಕಾಗದ ಇಟ್ಟ ದಿನದಿಂದ ಲೆಕ್ಕ ಹಿಡಿದರೆ ಹನ್ನೆರಡೂವರೆ ವರ್ಷ ಕಳೆದಿದ್ದವು. ಸಂಸ್ಥೆಗೆ ತಮ್ಮ ಹೆಸರನ್ನು ಇಡಕೂಡದೆಂದು ಟಾಟಾ ಅವರು ಹೇಳಿದ್ದರು. ಬೆಂಗಳೂರಿನ ಜನ ಮಾತ್ರ ಅದನ್ನು ಬಹುಕಾಲ ಟಾಟಾ ಇನ್‌ಸ್ಟಿಟ್ಯೂಟೆಂದೇ ಕರೆದರು.

ಮೈಸೂರಿಗೆ ಇದರಿಂದ ಏನು ಬಂತೆಂದು ಕೇಳುವವರಿಗೆ ಶ್ರೀಗಂಧದ ಕಥೆಯೊಂದೇ ಸಾಕು. ಯುದ್ಧಕ್ಕೆ ಮೊದಲು ಸಂಸ್ಥಾನದ ಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ೧೯೧೪ರಲ್ಲಿ ಆ ಹಾದಿ ಮುಚ್ಚಿತು. ವಿಜ್ಞಾನಮಂದಿರದ ಸಡ್‌ಬರೊ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಬಟ್ಟಿಯಿಳಿಸುವ ಕ್ರಮವನ್ನು ಇಲ್ಲಿಯೇ ಪ್ರಯೋಗಿಸಿ ತೋರಿಸಿದರು. ೧೯೧೬ರಲ್ಲಿ ಸರ್ಕಾರದ ಗಂಧದೆಣ್ಣೆಯ ಕಾರ್ಖಾನೆ ನಿಂತಿತು. ೧೮೯೮ರ ಬಿನ್ನಪದಲ್ಲಿ ಶ್ರೀಗಂಧಕ್ಕೆ ಯುದ್ಧದಿಂದ ಒದಗಿದ ಈ ಸಂಕಟವನ್ನು ಯಾರೂ ಬರೆದಿರಲಾರರು. ಮುಂದೆ ಏನು ಬೇಕಾಗುವುದೋ ತಿಳಿಯದೆಯೇ ವಿದ್ವಾಂಸರನ್ನು ಸಂಗ್ರಹಿಸಿ ಇಟ್ಟಿದ್ದುದರಿಂದ ಅದು ಒದಗಿತು. ಆದರೂ ವರ್ಷಾಶನ ಕೊಡುವವರು ಸುಮ್ಮನಿರಲಿಲ್ಲ. ೧೯೨೧, ೧೯೩೦, ೧೯೩೬ ಇವುಗಳ ಸುಮಾರಿಗೆ ಮೂರು ವಿಮರ್ಶನ ಸಮಿತಿಗಳು ಬಂದು ಸಂಸ್ಥೆಯನ್ನು ಶೋಧಿಸಿದವು. ೧೯೩೩ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದ ಸರ್ ಸಿ. ವಿ. ರಾಮನ್ ಅವರು ಮೂರನೆಯ ಸಮಿತಿಯ ಪರಿಣಾಮವಾಗಿ ೧೯೩೭ರಲ್ಲಿ ಆ ಪದವಿಯನ್ನು ಬಿಟ್ಟು ಪ್ರಾಧ್ಯಾಪಕರಾಗಿ ಉಳಿದರು. ಮೈಸೂರು ಸರ್ಕಾರವು ೧೯೩೪ರಲ್ಲಿ ವಿಜ್ಞಾನ ಪರಿಷತ್ತಿಗೆ ಕೊಟ್ಟಿದ್ದ ಭೂಮಿಯಲ್ಲಿ ೧೯೪೮ರಲ್ಲಿ ತಮ್ಮದೇ ಆದ ಸಂಶೋಧನಾಮಂದಿರವನ್ನು ನಡೆಸತೊಡಗಿದಾಗ, ಸರ್ಕಾರದ ಹಣವನ್ನು ಅವರು ಹತ್ತಿರ ಸೇರಿಸಲಿಲ್ಲ. ಅರ್ಜಿ ಬರೆಯಲೊಲ್ಲದ ವಿದ್ವಾಂಸನು ಹೇಗಿರಬಹುದೆಂಬುದಕ್ಕೆ ಅವರು ನಿದರ್ಶನ. ಆದರೆ ಎಲ್ಲರೂ ರಾಮನ್ನರಲ್ಲ.

ತೆಂಗಿನ ಸೀಮೆಯವರಿಗೂ ಈ ವಿಷಯದಲ್ಲಿ ಒಂದು ಪಾಲುಂಟು. ಮೈಸೂರು ವಿಶ್ವವಿದ್ಯಾಲಯವು ೧೯೧೬ರಲ್ಲಿ ಸ್ಥಾಪಿತವಾಯಿತು. ಅದರ ರಿಜಿಸ್ಟ್ರಾರರಾಗಿ ೧೯೨೬ರಿಂದ ೧೯೩೦ರವರೆಗೆ ಇದ್ದ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ. ನಂ. ಶ್ರೀಕಂಠಯ್ಯನವರು ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಬಿ. ಎಂ. ಶ್ರೀಯವರ ಕಾಲದಲ್ಲಿ, ೧೯೨೭ರಲ್ಲಿ, ಕನ್ನಡದಲ್ಲಿ ಎಂ. ಎ. ತರಗತಿಯನ್ನು ತೆರೆಯಲಾಯಿತು. ಭಾಷೆಯ ಕೆಲಸವೂ ತೆಂಗಿನ ಹಾಗೆ ನಿಧಾನವಾದದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟನೆಯ ಮತ್ತು ಕೊನೆಯ ಸಂಪುಟವು ಹೊರಬಂದದ್ದು ೧೯೯೫ರಲ್ಲಿ. ಕೆಲಸಕ್ಕೆ ತೊಡಗಿ ಆಗಲೇ ಸುಮಾರು ಅರ್ಧ ಶತಮಾನವಾಗಿತ್ತು. ಡಿ. ಎಲ್. ನರಸಿಂಹಾಚಾರ್ಯರು ಮುಗಿದದ್ದನ್ನು ಕಾಣಲಿಲ್ಲ, ಜಿ. ವೆಂಕಟಸುಬ್ಬಯ್ಯನವರು ಕಂಡರು. ಸರ್ಕಾರವು ಒಂದು ಅವಧಿ ಮುಗಿದ ಮೇಲೆ ಇನ್ನೊಂದು ಅವಧಿಗೆ ಹಣ ಕೊಡುತ್ತ ಬಂದುದರಿಂದ ಆ ಕೆಲಸ ನಡೆಯಿತು. ಮೂರು ವರ್ಷಗಳಲ್ಲಿ ಏನೇನು ಮುಗಿಸುವಿರಿ ಎಂದು ಮೊದಲಿಗೇ ಬರೆಸಿಕೊಂಡಿದ್ದರೆ ನಿಘಂಟು ಅಕಾರವನ್ನೂ ದಾಟುತ್ತಿರಲಿಲ್ಲ.

ಇನ್ನು ತೆಂಗಿನ ವಿಚಾರ. ಮದರಾಸು ಸರ್ಕಾರದವರು ೧೯೧೬ರಲ್ಲಿ ಕಾಸರಗೋಡು, ನೀಲೇಶ್ವರಗಳಲ್ಲಿ ತೆಂಗಿನ ಸಂಶೋಧನಾ ಕ್ಷೇತ್ರಗಳನ್ನು ತೆರೆದರು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ೧೯೫೬ರಲ್ಲಿ ಕೇರಳಕ್ಕೆ ಹೋಯಿತು. ತೆಂಗಿನ ಮೇಲೆ ಇಂಥ ಕ್ರಮಬದ್ಧವಾದ ಪ್ರಯೋಗ ಈ ದೇಶದಲ್ಲಿ ಅದಕ್ಕೆ ಮೊದಲು ನಡೆದಿರಲಿಲ್ಲ. ೧೯೩೦ರ ದಶಕದಲ್ಲಿ ಜೆ. ಎಸ್. ಪಟೇಲರು ನೀಲೇಶ್ವರದಲ್ಲಿ ಎತ್ತರದ ತೆಂಗನ್ನೂ ಗಿಡ್ಡ ತೆಂಗನ್ನೂ ಕೂಡಿಸಿ ಮಿಶ್ರತಳಿಯ ಸಸಿಗಳನ್ನು ಪಡೆದರು. ಕ್ಷೇತ್ರಗಳನ್ನು ತೆರೆದು ಆಗಲೇ ಹದಿನೈದು ವರ್ಷ ಕಳೆದಿತ್ತು ಎಂಬುದನ್ನು ವಾಚಕರು ಗಮನಿಸಬೇಕು. ತಾಯಿಮರ ಬೆಳೆಯಬೇಕು, ಅದರ ಇಳುವರಿಯನ್ನು ವರ್ಷವರ್ಷವೂ ಎಣಿಸಿ ಬರೆದಿಡಬೇಕು, ಆಮೇಲೆ ಮಿಶ್ರಣ. ಮಿಶ್ರಣದ ಸಸಿ ಬೆಳೆದು ಫಲಿಸಿದ ಮೇಲೆ ಗುಣದೋಷಗಳ ತೀರ್ಮಾನ.

ಇದಕ್ಕೆಲ್ಲ ಹಣ ಎಲ್ಲಿಂದ ಬರಬೇಕು? ಹತ್ತಿಯ ವಿಷಯದಲ್ಲಿ ಒಂದು ದಾರಿ ಸಿಕ್ಕಿತ್ತು. ೧೯೨೧ರಲ್ಲಿ ಹತ್ತಿಯ ಕೇಂದ್ರಸಮಿತಿಯನ್ನು ಸ್ಥಾಪಿಸಿ, ೧೯೨೩ರ ಕಾನೂನಿನಿಂದ ಹತ್ತಿಯ ಮೇಲೆ ಸಣ್ಣ ತೆರಿಗೆ ಹಾಕಿ, ಅದರ ಉತ್ಪತ್ತಿಯನ್ನು ಹತ್ತಿಯ ಸಂಶೋಧನೆಗೇ ಬಳಸಿದರು. ೧೯೨೬ರಲ್ಲಿ ನೇಮಕವಾದ ಕೃಷಿ ಆಯೋಗವು ೧೯೨೮ರಲ್ಲಿ ವರದಿ ಕೊಟ್ಟಿತು. ಮರುವರ್ಷವೇ ಕೃಷಿಸಂಶೋಧನಾ ಮಂಡಲಿ ಹುಟ್ಟಿತು. ಪ್ರಾಂತ್ಯಗಳು ಯೋಜನೆ ಬರೆದು ಕಳುಹಿಸುವುದು, ಮಂಡಲಿ ಪರಿಶೀಲಿಸಿ ಇಷ್ಟು ವರ್ಷಕ್ಕೆ ಇಷ್ಟು ಹಣವೆಂದು ಮಂಜೂರು ಮಾಡುವುದು ಎಂಬ ಕ್ರಮ ಅಲ್ಲಿಂದ ಬಲವಾಯಿತು. ಈಗಿನ ಅರ್ಜಿಗಳ ಮೂಲಪುರುಷನನ್ನು ಇಲ್ಲಿಯೇ ಕಾಣಬಹುದು. ತೆಂಗಿಗೂ ೧೯೪೪ರಲ್ಲಿ ಕಾನೂನಾಗಿ, ೧೯೪೫ರಲ್ಲಿ ಕೇಂದ್ರ ತೆಂಗಿನ ಸಮಿತಿ ಏರ್ಪಟ್ಟಿತು. ಕಾಸರಗೋಡಿನ ಕ್ಷೇತ್ರವು ಬಳಿಕ ಆ ಸಮಿತಿಯ ವಶಕ್ಕೆ ಬಂದಿತು.

ಈ ಕಾನೂನಿನಲ್ಲಿ ತಿಪಟೂರು ಹುಳಿಯಾರುಗಳವರಿಗೆ ಸ್ವಾರಸ್ಯವಾಗಿ ತೋರುವ ಒಂದು ಅಂಶವುಂಟು. ತೆರಿಗೆ ಬಿದ್ದದ್ದು ಗಿರಣಿಗಳಲ್ಲಿ ಅರೆಯುವ ಕೊಬ್ಬರಿಯ ಮೇಲೆ. ಅಟ್ಟದಲ್ಲಿ ಒಣಗಿ ಉತ್ತರ ದ��ಶದ ಅಂಗಡಿಗಳಿಗೆ ಹೋಗುವ ಉಂಡೆಕೊಬ್ಬರಿ ಗಿರಣಿಯ ಮುಖವನ್ನೇ ನೋಡುವುದಿಲ್ಲ. ಅದರ ಮೇಲೆ ತೆರಿಗೆಯೂ ಇಲ್ಲ. ಬೆಳೆಗಾರರಿಗೆ ಇದು ಲಾಭವೆಂದೇ ತೋರಿರಬೇಕು. ಆದರೆ ತೆರಿಗೆಯನ್ನು ಕೊಟ್ಟವರ ಮಾತಿಗೆ ಸಮಿತಿಯಲ್ಲಿ ತೂಕ ಹೆಚ್ಚಾಗುವುದು ಸಹಜ. ಕರಾವಳಿಯ ಮರಳುಭೂಮಿ, ಕರಾವಳಿಯ ಮಳೆ, ಕರಾವಳಿಯ ರೋಗಗಳು ಇವುಗಳ ವಿಚಾರವೇ ಸಂಶೋಧನೆಯಲ್ಲಿ ಮುಂದೆ ನಿಂತಿತು. ನೀರು ಸಾಲದ ಬಯಲುಸೀಮೆಯ ತೆಂಗಿಗೆ ಸರದಿ ತಡವಾಗಿ ಬಂತು. ೧೯೬೬ರ ಹೊತ್ತಿಗೆ ಈ ಬೆಳೆವಾರು ಸಮಿತಿಗಳೆಲ್ಲ ರದ್ದಾಗಿ ಅವುಗಳ ಸಂಶೋಧನಾ ಕ್ಷೇತ್ರಗಳು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿದವು; ೧೯೭೦ರಲ್ಲಿ ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ೧೯೭೦ರ ದಶಕದ ಆದಿಭಾಗದಲ್ಲಿ ತೆಂಗು ಅಡಕೆಗಳಿಗೆ ಅಖಿಲ ಭಾರತ ಸಮನ್ವಿತ ಯೋಜನೆಯು ಏರ್ಪಟ್ಟಾಗ, ಅದರ ಒಂದು ಕೇಂದ್ರವು ತಿಪಟೂರಿಗೆ ನೆರೆಯ ಅರಸೀಕೆರೆಯಲ್ಲಿ ನೆಲೆಗೊಂಡಿತು. ಈ ಸಮನ್ವಿತ ಯೋಜನೆಗಳು ಹೆಸರಿಗೆ ಯೋಜನೆಗಳಾದರೂ ಪಂಚವಾರ್ಷಿಕ ಯೋಜನೆಯಿಂದ ಪಂಚವಾರ್ಷಿಕ ಯೋಜನೆಗೆ ಮುಂದುವರಿಯುತ್ತ ಬಂದವು. ಹಳೆಯ ವೃತ್ತಿದಾನಕ್ಕೆ ಅತ್ಯಂತ ಸಮೀಪವಾದ ಆಧುನಿಕ ಏರ್ಪಾಡು ಇದೇ ಎಂದರೆ ತಪ್ಪಾಗಲಾರದು. ತಿಪಟೂರಿನ ಎತ್ತರದ ತೆಂಗು ಒಂದು ಪ್ರತ್ಯೇಕ ತಳಿಯೆಂದು ಶಾಸ್ತ್ರಜ್ಞರ ಪಟ್ಟಿಗಳಲ್ಲಿ ಸ್ಥಾನ ಪಡೆದದ್ದು ಇಂಥ ದೀರ್ಘಕಾಲದ ಎಣಿಕೆಯ ಫಲ.

ಅಷ್ಟರಲ್ಲಿ ತೋಟಗಳಲ್ಲಿ ಒಂದಾದ ಮೇಲೊಂದು ಕೇಡು ಕಾಣಿಸಿಕೊಳ್ಳುತ್ತಿತ್ತು. ಗರಿಯ ಹಸುರನ್ನು ಕೆರೆದು ತಿನ್ನುವ ಕಪ್ಪುತಲೆ ಹುಳು. ಕಾಂಡದಿಂದ ಕಂದುಬಣ್ಣದ ರಸ ಸೋರುವ ರೋಗ. ಬೇರಿನಲ್ಲಿ ಹಿಡಿದು ಬುಡದಲ್ಲಿ ಅಣಬೆಯಾಗಿ ಹೊರಡುವ ಅಣಬೆರೋಗ. ೧೯೯೮ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಯು ಸ್ವಲ್ಪಕಾಲದಲ್ಲಿಯೇ ಈ ಸೀಮೆಯನ್ನೂ ಹೊಕ್ಕು, ಕಾಯಿಗಳನ್ನು ಬಿರುಕುಬಿಡಿಸಿ ಕುಗ್ಗಿಸಿತು. ೨೦೧೦ರ ದಶಕದ ಬರಗಳಲ್ಲಿ ಕೊಳವೆಬಾವಿಗಳು ಬತ್ತಿ ಮರಗಳೇ ಒಣಗಿ ನಿಂತವು. ನುಸಿಯಂಥ ಹಠಾತ್ತಾದ ಪೀಡೆಗೆ ಅನುದಾನ ಬೇಗ ಸಿಕ್ಕುತ್ತದೆ. ಪತ್ರಿಕೆಗಳಲ್ಲಿ ಕೂಗು, ಸಭೆಗಳಲ್ಲಿ ಪ್ರಶ್ನೆ, ಕೂಡಲೇ ಯೋಜನೆ. ಅಣಬೆರೋಗದ ಸಂಗತಿ ಹಾಗಲ್ಲ. ನೆಲದೊಳಗೆ ಬೇರನ್ನು ತಿಂದು ಬಹುಕಾಲವಾದ ಮೇಲೆಯೇ ಮೇಲೆ ಗರಿ ಬಾಡುವುದು. ಒಂದು ತೋಟದಲ್ಲಿ ಅದು ಮರದಿಂದ ಮರಕ್ಕೆ ಹೇಗೆ ಸರಿಯುವುದೆಂದು ನೋಡಬೇಕಾದರೆ ಆ ತೋಟದ ಬಳಿಯಲ್ಲಿ ಹತ್ತು ವರ್ಷ ಕುಳಿತಿರಬೇಕು.

ಅರ್ಜಿ ಬರೆಯುವುದನ್ನು ಕಲಿಸುವ ಪದ್ಧತಿ ಈ ದೇಶದಲ್ಲಿ ಬೆಳೆದದ್ದು ಅನುದಾನಗಳು ಸ್ಪರ್ಧೆಗೆ ಒಳಗಾದ ಮೇಲೆ. ವಿಶ್ವವಿದ್ಯಾಲಯಗಳ ಧನಸಹಾಯ ಆಯೋಗವು ೧೯೫೩ರಲ್ಲಿ ಹುಟ್ಟಿ ೧೯೫೬ರ ಕಾನೂನಿನಿಂದ ಭದ್ರವಾಯಿತು; ೧೯೮೬ರ ಶಿಕ್ಷಣನೀತಿಯ ತರುವಾಯ ಅಧ್ಯಾಪಕರ ತರಬೇತಿಗೆಂದು ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಕೇಂದ್ರಗಳನ್ನು ತೆರೆಯಿತು. ೧೯೯೮ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕೈಗೊಂಡ ರಾಷ್ಟ್ರೀಯ ಕೃಷಿ ತಂತ್ರಜ್ಞಾನ ಯೋಜನೆಯು ಸ್ಪರ್ಧೆಯ ಅನುದಾನವನ್ನು ಕೃಷಿ ವಿಜ್ಞಾನಿಗಳ ನಡುವೆ ಹರಡಿತು. ತುಮಕೂರಿನಲ್ಲಿಯೂ ೨೦೦೪ರಲ್ಲಿ ವಿಶ್ವವಿದ್ಯಾಲಯವಾಯಿತು. ೨೦೨೩ರ ಕಾನೂನಿನಿಂದ ರಾಷ್ಟ್ರೀಯ ಅನುಸಂಧಾನ ಪ್ರತಿಷ್ಠಾನವು ಸ್ಥಾಪಿತವಾದಾಗ ಐದು ವರ್ಷಗಳಿಗೆ ೫೦,೦೦೦ ಕೋಟಿ ರೂಪಾಯಿಗಳ ಅಂದಾಜನ್ನು ಸರ್ಕಾರ ಪ್ರಕಟಿಸಿತು. ಅದರಲ್ಲಿ ದೊಡ್ಡ ಭಾಗ ಖಾಸಗಿ ಮೂಲಗಳಿಂದ ಬರತಕ್ಕದ್ದೆಂದು ಎಣಿಕೆ.

ಈ ಶಿಬಿರಗಳಲ್ಲಿ ಕಲಿಸುವ ವಿಷಯಗಳು ತಿರಸ್ಕರಿಸತಕ್ಕವಲ್ಲ. ಸಮಸ್ಯೆಯನ್ನು ನಾಲ್ಕು ಸಾಲಿನಲ್ಲಿ ಹೇಳುವುದು. ಹಿಂದಿನವರು ಮಾಡಿದ್ದನ್ನು ಓದಿಕೊಂಡಿರುವುದು. ಉದ್ದೇಶಗಳನ್ನು ಮೂರು ನಾಲ್ಕಕ್ಕೆ ಮಿತಗೊಳಿಸುವುದು. ಉಪಕರಣ, ಸಹಾಯಕರ ವೇತನ, ಪ್ರಯಾಣ, ಸಾದಿಲ್ವಾರು ಎಂದು ವೆಚ್ಚವನ್ನು ಬಾಬ್ತುವಾರು ವಿಂಗಡಿಸುವುದು. ಮುಗಿದ ಮೇಲೆ ಹಣ ಬಳಸಿದ್ದಕ್ಕೆ ಪ್ರಮಾಣಪತ್ರ ಸಲ್ಲಿಸುವುದು. ಸಾಲೊಟಗಿಯವರು ದೀಪದೆಣ್ಣೆಯನ್ನು ಬೇರೆ ಬಾಬ್ತಾಗಿ ಬರೆದವರೇ ಆದ್ದರಿಂದ ಅವರಿಗೂ ಇದು ಹೊಸದೆನಿಸುತ್ತಿರಲಿಲ್ಲ. ಸಣ್ಣ ಊರಿನ ಕಾಲೇಜಿನಲ್ಲಿ ವಾರಕ್ಕೆ ಹದಿನಾರು ಗಂಟೆ ಪಾಠ ಹೇಳುವ ಅಧ್ಯಾಪಕನಿಗೆ ಈ ಗುಟ್ಟುಗಳನ್ನು ಹೇಳಿಕೊಡದಿದ್ದರೆ, ಹಣವೆಲ್ಲ ಬೆಂಗಳೂರು, ದೆಹಲಿಗಳ ದೊಡ್ಡ ಸಂಸ್ಥೆಗಳಿಗೇ ಸಲ್ಲುವುದು. ಆದಕಾರಣ ಈ ಶಿಕ್ಷಣದಿಂದ ನ್ಯಾಯವೂ ಒಂದಿಷ್ಟು ನಡೆಯುತ್ತದೆ. ಒಂದು ಕೊರತೆ ಮಾತ್ರ ಎದ್ದುಕಾಣುತ್ತದೆ. ನಾಗಾವಿಯ ಶಾಸನವು ಊರವರ ನುಡಿಯಲ್ಲಿ, ಊರವರು ಕಾಣುವ ಕಲ್ಲಿನ ಮೇಲೆ ಕೆತ್ತಲ್ಪಟ್ಟಿತ್ತು. ಈಗಿನ ಅರ್ಜಿಯು ಪ್ರಾಯಶಃ ಇಂಗ್ಲಿಷಿನಲ್ಲಿಯೇ ಹೋಗುತ್ತದೆ, ವರದಿಯೂ ಇಂಗ್ಲಿಷಿನಲ್ಲಿಯೇ ಬರುತ್ತದೆ. ಯಾರ ತೋಟದ ಮಣ್ಣನ್ನು ಅಗೆದು ಪರೀಕ್ಷಿಸಿದರೋ ಅವನು ಅದನ್ನು ಓದಲಾರನು.

ಅರ್ಜಿಯ ನಮೂನೆಯಲ್ಲಿ ಅವಧಿಯೆಂಬ ಒಂದು ಸಣ್ಣ ಕೋಷ್ಠಕವಿರುತ್ತದೆ. ಸಾಧಾರಣವಾಗಿ ಅದರಲ್ಲಿ ಮೂವತ್ತಾರು ತಿಂಗಳೆಂದು ಬರೆಯುವರು. ತೆಂಗನ್ನು ಕುರಿತು ಬರೆಯುವವರೂ ಹಾಗೆಯೇ ಬರೆಯಬೇಕಾಗುತ್ತದೆ. ಆದಕಾರಣ ನರ್ಸರಿಯ ಸಸಿ, ಎಲೆಯ ಹುಳು, ಮಣ್ಣಿನ ಪರೀಕ್ಷೆ ಇಂಥ ಬೇಗ ಮುಗಿಯುವ ವಿಷಯಗಳನ್ನೇ ಅವರು ಆರಿಸಿಕೊಳ್ಳುವರು. ಹುಳಿಯಾರಿನ ಹತ್ತಿರದ ಒಂದು ತೋಟದಲ್ಲಿ ಯೋಜನೆಯ ಮೊದಲ ವರ್ಷ ಹೊಸ ಸಸಿಗಳನ್ನು ನೆಟ್ಟರೆಂದು ಭಾವಿಸೋಣ. ಮೂರನೆಯ ವರ್ಷದ ಕೊನೆಗೆ ಸಹಾಯಕನ ಸಂಬಳ ನಿಲ್ಲುತ್ತದೆ, ಲೆಕ್ಕದ ಪ್ರಮಾಣಪತ್ರ ದೆಹಲಿಗೆ ಹೋಗುತ್ತದೆ, ವರದಿಗೆ ಮೊಹರು ಬೀಳುತ್ತದೆ. ಸಸಿ ಅಷ್ಟರಲ್ಲಿ ಆಳೆತ್ತರ ಬೆಳೆದಿರುತ್ತದೆ. ಹೊಂಬಾಳೆಗೆ ಇನ್ನೂ ಮೂರು ನಾಲ್ಕು ವರ್ಷ ಇರುತ್ತದೆ.